ಬಾಯಿ ಎಂಬ ಬಾಗಿಲು

ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಿ. ಸಲೀಸಾಗಿ ಹಿಡಿಸಿತೆ? ಒಳ್ಳೆಯದು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಟಾನ್ಸಿಲ್ ಮತ್ತು ನಾಲಿಗೆಯ ಬುಡ ಗಂಟಲಿನ ಮೂಲೆಯಲ್ಲಿ ಅಡಗಿರುವ ಜಾಗಗಳು. ಅಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದರೆ, ಹಿಂದೆ ಎಷ್ಟೋ ಸಲ ತುಟಿ ಸೀಳಿ, ಕೆಳದವಡೆಯ ಮೂಳೆ ಕತ್ತರಿಸಿ ದಾರಿ ಮಾಡಿಕೊಳ್ಳಬೇಕಿತ್ತು. ಗೆಡ್ಡೆ ಹೋದರೂ ನುಂಗಲು, ಮಾತನಾಡಲು ರೋಗಿ ಪಡುವ ಪಾಡು ಉಳಿಯುತ್ತಿತ್ತು. ಬಾಯಿಯ ಮೂಲಕವೇ ರೋಬಾಟಿನ ತೋಳುಗಳನ್ನು ಇಳಿಸಿ ಗೆಡ್ಡೆ ತೆಗೆಯುವ ವಿಧಾನವನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರೆಗರಿ ವೈನ್‌ಸ್ಟೀನ್ ಮತ್ತು ಬರ್ಟ್ ಓಮ್ಯಾಲಿ ಎಂಬ ವೈದ್ಯರು ರೂಪಿಸಿದರು. 2009ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯೂ ದೊರೆಯಿತು. ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಈಗ ಈ ಚಿಕಿತ್ಸೆ ಇದೆ.

ರೋಬಾಟ್ ಎಂದೊಡನೆ ಯಂತ್ರವೇ ಕತ್ತರಿ ಹಿಡಿಯುತ್ತದೆ ಎಂದುಕೊಳ್ಳಬೇಡಿ. ಒಂದು ತೋಳಿನಲ್ಲಿ ಕ್ಯಾಮೆರಾ, ಇನ್ನೆರಡರಲ್ಲಿ ಸಣ್ಣ ಉಪಕರಣಗಳು. ಪಕ್ಕದಲ್ಲೇ ಕುಳಿತ ವೈದ್ಯರು ಕೈ ಆಡಿಸಿದಂತೆ ಅವು ಆಡುತ್ತವೆ. ಮಣಿಕಟ್ಟಿನ ಹಾಗೆ ತಿರುಗುತ್ತವೆ, ಕೈನಡುಕವನ್ನು ಸೋಸಿಬಿಡುತ್ತವೆ. ಆದರೆ ಇದು ಮುಖ್ಯವಾಗಿ ಆರಂಭದ ಹಂತದ, ಚಿಕ್ಕ ಗೆಡ್ಡೆಗಳಿಗೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕೆನ್ನೆ, ವಸಡಿನ ಕ್ಯಾನ್ಸರಿಗೆ ರೋಬಾಟೇನೂ ಬೇಕಿಲ್ಲ.

ಇಲ್ಲಿಯೇ ಇನ್ನೊಂದು ತೊಡಕು. ತೋಳುಗಳು ಒಳಹೋಗಲು ಬಾಯಿ ಚೆನ್ನಾಗಿ ತೆರೆಯಬೇಕಲ್ಲವೆ? ಗುಟ್ಕಾ, ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಕ್ರಮೇಣ ನಾರುಗಟ್ಟಿ ಬಿಗಿಯುತ್ತದೆ. ಮೂರು ಬೆರಳಿನ ಬಾಗಿಲು ಎರಡಾಗುತ್ತದೆ, ಒಂದಾಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಆಗ ಹೊಸ್ತಿಲಲ್ಲೇ ನಿಲ್ಲಬೇಕು! ಚಿಗುರೆಲೆಗೆ ಹೆಸರಾದ ಮೈಸೂರಿನವರಿಗೆ ಈ ಮಾತು ಕಹಿಯೆನಿಸಬಹುದು. ಆದರೆ ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಶಾಲಾ ಕಾಲೇಜುಗಳ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾನೂನು ಹೇಳುತ್ತದೆ. ಕಾನೂನು ಗೇಟಿನ ಹೊರಗಿರುತ್ತದೆ, ಮಗನ ಜೇಬಿನ ಪೊಟ್ಟಣ ಮನೆಯೊಳಗೇ ಬರುತ್ತದೆ.

ಹೆತ್ತವರೇ, ಮಗನನ್ನು ಗದರಿಸುವ ಮೊದಲು ಪಕ್ಕದಲ್ಲಿ ನಿಂತು ನೀವೂ ಬೆರಳಿಟ್ಟು ನೋಡಿಕೊಳ್ಳಿ. ಹಿಡಿಸದಿದ್ದರೆ ಗಾಬರಿ ಬೇಡ, ಬೇರೆ ಕಾರಣಗಳೂ ಇರಬಹುದು, ದಂತವೈದ್ಯರಿಗೆ ತೋರಿಸಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಒಡೆದ ದನಿ ಇದ್ದರೆ ತಡಮಾಡಬೇಡಿ. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ, 1965ರಲ್ಲಿ ಸ್ಥಾಪನೆಯಾದ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಆದರೆ ಇರುವ ಮಾತನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಸುಲಭ.