ದೋಣಿಗೆ ಮುನ್ನ ನೀರಿನ ಪರೀಕ್ಷೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಾಪಾಗ್ನಿಗಳು ಒಳ್ಳೆಯ ಮಳೆಯಾದಾಗ ಮಾತ್ರ ತುಂಬಿ ಹರಿಯುತ್ತವೆ. ಆದುದರಿಂದ ದೋಣಿವಿಹಾರ, ಗಾಳದ ಮೀನುಗಾರಿಕೆ, ನೀರಿನಂಚಿನ ಡೇರೆವಾಸಗಳು ಕಾವೇರಿ, ಕಾಳಿ ನದಿತೀರದವರ ಉದ್ಯಮವೆಂದು ಇಲ್ಲಿನ ವ್ಯಾಪಾರಿ ವರ್ಗ ಭಾವಿಸಿದ್ದು ಸಹಜ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಯನ್ನು ತಲುಪಿದ ಮೇಲೆ ಈ ಭಾವನೆಯನ್ನು ಮರುಪರಿಶೀಲಿಸಬೇಕಾಗಿದೆ. ಮೊದಲ ಹಂತದಲ್ಲಿ ಚಿಂತಾಮಣಿಯ ಕೆಲವು ಕೆರೆಗಳೂ ಸೇರಿ 126 ಕೆರೆಗಳಿಗೆ ನೀರು ತುಂಬಿಸುವುದು ಯೋಜನೆಯ ಉದ್ದೇಶವಾಗಿತ್ತು.

ಅವಕಾಶವು ಸಣ್ಣದಲ್ಲ. ಬೆಂಗಳೂರಿನಿಂದ ಕೋಲಾರಕ್ಕೆ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್. ಅಂತರಗಂಗೆಯನ್ನು ಹತ್ತುವವರೂ ಮುಳಬಾಗಿಲಿನ ಆವಣಿ, ಕುರುಡುಮಲೆಗಳನ್ನು ನೋಡುವವರೂ ಬಹುಪಾಲು ಅಂದೇ ಹಿಂದಿರುಗುತ್ತಾರೆ. ಅವರು ಒಂದು ರಾತ್ರಿ ತಂಗಿದರೆ ಹೋಟೆಲು, ಬಾಡಿಗೆ ವಾಹನ, ದಿನಸಿ ಅಂಗಡಿಗಳಿಗೆ ವಹಿವಾಟು ಹೆಚ್ಚುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳ ಸಮೀಪದಲ್ಲೊಂದು ಕೆರೆದಡವಿದ್ದರೆ, ಸುಗ್ಗಿಯಲ್ಲಿ ಬೆಳೆಗಾರನು ದಲ್ಲಾಳಿಯ ಹಂಗಿಲ್ಲದೆ ಹಣ್ಣನ್ನು ನೇರವಾಗಿ ಮಾರಬಹುದು.

ಆದರೆ ಎಲ್ಲ ಕೆರೆಗಳನ್ನೂ ಒಂದೇ ದೃಷ್ಟಿಯಿಂದ ನೋಡುವುದು ಅವಿವೇಕ. ಕೆ.ಸಿ. ವ್ಯಾಲಿಯಿಂದ ಬರುವುದು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ಕೊಳಚೆನೀರು. ಅದರ ಗುರಿ ಅಂತರ್ಜಲ ವೃದ್ಧಿಯೇ ಹೊರತು ಜಲಕ್ರೀಡೆಯಲ್ಲ. ಮೈ ನೆನೆಯುವ ಆಟಗಳನ್ನು ಮಳೆನೀರಿನ ಕೆರೆಗಳಿಗೆ ಸೀಮಿತಗೊಳಿಸಬೇಕು. ಅಲ್ಲಿಯೂ ನೀರನ್ನು ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ದಡದಲ್ಲಿಯೇ ಪ್ರಕಟಿಸುವುದು ಅಗತ್ಯ. ಮಣ್ಣು ತೆಗೆದ ಗುಂಡಿಗಳು ತುಂಬಿದ ಕೆರೆಯಲ್ಲಿ ಕಣ್ಣಿಗೆ ಬೀಳವು; ಆಳ ಗುರುತಿಸದೆ ದೋಣಿ ಇಳಿಸುವುದು ಜೀವದೊಡನೆ ಚೆಲ್ಲಾಟವಾದೀತು.

ಮೀನುಗಾರರ ಹಕ್ಕನ್ನೂ ಮರೆಯಲಾಗದು. ಕೆರೆಯನ್ನು ಗುತ್ತಿಗೆ ಹಿಡಿದು, ಕಾಟ್ಲಾ, ರೋಹು ಮರಿಗಳನ್ನು ಬಿತ್ತಿದವರ ಫಸಲಿಗೆ ಪ್ರವಾಸಿಗನು ಪುಕ್ಕಟೆಯಾಗಿ ಗಾಳ ಹಾಕುವುದು ನ್ಯಾಯವಲ್ಲ. ಗಾಳದ ಶುಲ್ಕ ಅವರಿಗೇ ಸಲ್ಲಬೇಕು; ದೋಣಿ ನಡೆಸುವ ಕೆಲಸದಲ್ಲಿಯೂ ಅವರಿಗೆ ಆದ್ಯತೆಯಿರಬೇಕು. ಕಾವೇರಿ ತೀರದ ಭೀಮೇಶ್ವರಿಯ ಗಾಳದ ಶಿಬಿರ ದೇಶವಿದೇಶಗಳಲ್ಲಿ ಹೆಸರಾಗಿತ್ತು. ವನ್ಯಜೀವಿ ಕಾನೂನಿನ ಕಾರಣ ಅಲ್ಲಿ ಗಾಳ ಹಾಕುವುದು ನಿಂತಿತು. ಅನುಮತಿಯ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಬಂಡವಾಳ ಹೂಡಬಾರದೆಂಬುದು ಇದರ ಪಾಠ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ತಲಾ ಒಂದೇ ಕೆರೆಯನ್ನು ಆರಿಸಿ ಆರಂಭಿಸುವುದು ಸೂಕ್ತ. ಸಣ್ಣ ನೀರಾವರಿ ಇಲಾಖೆ, ಮೀನುಗಾರಿಕೆ ಇಲಾಖೆ ಹಾಗೂ ಗ್ರಾಮ ಪಂಚಾಯಿತಿಗಳು ಒಟ್ಟಿಗೆ ಕುಳಿತು ಷರತ್ತುಗಳನ್ನು ಗೊತ್ತುಪಡಿಸಬೇಕು. ಇಳಿಯಲು ಮೆಟ್ಟಿಲು, ಶೌಚಾಲಯ, ಜೀವರಕ್ಷಕ ಜಾಕೆಟ್ಟು, ಕಸ ವಿಲೇವಾರಿ: ಇಷ್ಟಿದ್ದರೆ ಆರಂಭಕ್ಕೆ ಸಾಕು. ಬರಗಾಲದ ಜಿಲ್ಲೆಗೆ ಬಹುಕಾಲದ ನಂತರ ಒದಗಿದ ನೀರಿದು. ಅದನ್ನು ಕೆಡಿಸಿ ಗಳಿಸುವ ಲಾಭವು ಲಾಭವೆನಿಸದು.