ಗೊಂಬೆಯ ಕೈಗೆ ಕಡ್ಡಿ ಬೇಕು, ಗೋಡೆಗೆ ಮೊಳೆಯಲ್ಲ

ಗಡಿಯಾಚೆಯ ಕನ್ನಡಿಗರಾದ ನಾವು ಸಂಸ್ಕೃತಿಯ ರಕ್ಷಣೆ ಎಂಬ ಮಾತನ್ನು ಪ್ರತಿ ಸಮ್ಮೇಳನದಲ್ಲೂ ಆಡುತ್ತೇವೆ. ಅದೇ ಸಮ್ಮೇಳನದ ವೇದಿಕೆಗೆ ತೊಗಲುಗೊಂಬೆಗಳನ್ನು ಮೊಳೆ ಹೊಡೆದು ತೂಗುಹಾಕುತ್ತೇವೆ. ಅವುಗಳ ಕೈಯಲ್ಲಿ ಕಡ್ಡಿಯಿಲ್ಲ. ಕೈ ಆಡದ ಗೊಂಬೆ ಬಣ್ಣ ಬಳಿದ ಚರ್ಮವಷ್ಟೆ.

ರಾಯದುರ್ಗ, ಮಡಕಶಿರಾ ಸೀಮೆಯವರಿಗೆ ಇದು ದೂರದ ಸಂಗತಿಯಲ್ಲ. ಗೊಂಬೆಯಾಡಿಸುವ ಕಿಳ್ಳೇಕ್ಯಾತ ಬಂಧುಗಳು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನಾಡುತ್ತ, ಪರದೆಯ ಹಿಂದೆ ಕನ್ನಡದಲ್ಲಿ ಹಾಡುತ್ತ ಬಂದವರು. ಧರ್ಮಾವರದ ಬಳಿಯ ನಿಮ್ಮಲಕುಂಟದ ದಳವಾಯಿ ಚಲಪತಿರಾಯರಿಗೆ 2020ರಲ್ಲೂ ಕೊಪ್ಪಳ ಸೀಮೆಯ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲೂ ಪದ್ಮಶ್ರೀ ಸಂದಿತು, ಸಂತೋಷವೇ. ಆದರೆ ಆಟಕ್ಕೆ ಕರೆ ಬರದ ಮನೆಗಳಲ್ಲಿ ಅದೇ ತೊಗಲಿನಿಂದ ದೀಪದ ಬುರುಡೆಗಳು ತಯಾರಾಗುತ್ತಿವೆ. ಹೊಟ್ಟೆಪಾಡಿಗಾಗಿ ದುಡಿಯುವವರನ್ನು ದೂರಲಾರೆವು, ಕರೆಯದವರನ್ನು ದೂರುತ್ತೇವೆ. ಅವರಲ್ಲಿ ನಾವೂ ಸೇರಿದ್ದೇವೆ.

ಈಗ ಕೆಲವು ಹಿತೈಷಿಗಳು ಹೊಸ ಸಲಹೆ ತಂದಿದ್ದಾರೆ: ಬಿದಿರು ಮುರಿಯುತ್ತದೆ, ಉಕ್ಕಿನ ತಂತಿ ಕಟ್ಟಿರಿ, ಶಾಶ್ವತವಾಗಿರುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು. ಒಣಗಿದ ಬಿದಿರು ನೀರಿನಲ್ಲಿ ತೇಲುತ್ತದೆ. ಉಕ್ಕು ಅದಕ್ಕಿಂತ ಸುಮಾರು ಹತ್ತು ಪಟ್ಟು ಭಾರ. ಉದ್ದವೂ ತೂಕವೂ ಸಮನಾಗಿರುವಂತೆ ಎರಡನ್ನೂ ತೆಗೆದುಕೊಂಡರೆ ತಂತಿ ತೆಳ್ಳಗಾಗಿ ಬಳುಕುತ್ತದೆ, ಬಿದಿರಿನ ಕಡ್ಡಿ ಸೆಟೆದು ನಿಲ್ಲುತ್ತದೆ. ಬಳುಕುವ ಕಡ್ಡಿಯಿಂದ ರಾಮನ ಕೈ ಬಿಲ್ಲಿನತ್ತ ಹೋಗುವಾಗ ನಡುಗುತ್ತದೆ. ಬಳುಕದಷ್ಟು ದಪ್ಪ ಮಾಡಿದರೆ ಬೆಳಗಿನ ಜಾವದ ಹೊತ್ತಿಗೆ ಆಡಿಸುವವನ ಮಣಿಕಟ್ಟು ಸೋಲುತ್ತದೆ. ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ಗಾಜಿನಂಥ ಪ್ಲಾಸ್ಟಿಕ್ ಕಡ್ಡಿಯ ನೆರಳು ತೆಳುವೆಂಬುದು ನಿಜ. ಆದರೆ ಅದು ಯುದ್ಧದ ಪ್ರಸಂಗದಲ್ಲಿ ಫಟ್ಟನೆ ಮುರಿಯುತ್ತದೆ.

ನಾವು ಬಿದಿರಿನ ಭಕ್ತರಲ್ಲ. ತಮಿಳುನಾಡಿನ ಬೊಮ್ಮಲಾಟ್ಟದ ಮರದ ಗೊಂಬೆ ನಾಲ್ಕೂವರೆ ಅಡಿ ಎತ್ತರ, ಹತ್ತು ಕಿಲೋ ತೂಕದವರೆಗೂ ಇರುತ್ತದೆ. ಅದರ ದಾರಗಳನ್ನು ಆಡಿಸುವವನು ತಲೆಯ ಮೇಲಿನ ಕಬ್ಬಿಣದ ಬಳೆಗೆ ಕಟ್ಟಿಕೊಂಡು, ಕೆಲವು ಗೊಂಬೆಗಳ ಕೈಗಳನ್ನು ಸಲಾಕೆಯಿಂದ ಆಡಿಸುತ್ತಾನೆ. ಮೇಲಿನಿಂದ ಮರದ ಕೈಯನ್ನು ದೂಡಿ ಎಳೆಯುವಲ್ಲಿ ಕಬ್ಬಿಣದ ಸಲಾಕೆಯೇ ಸರಿ. ಹಿಂದಿನಿಂದ ಹಗುರವಾದ ತೊಗಲನ್ನು ಪರದೆಗೆ ಒತ್ತಿ ಹಿಡಿಯುವಲ್ಲಿ ಬಿದಿರು ಸರಿ. ಗೊಂಬೆಯ ತೂಕವನ್ನೂ ಕೈಯ ಕೀಲನ್ನೂ ಕೇಳಿ ಕಡ್ಡಿಯನ್ನು ಆರಿಸಬೇಕು. ಅಂಗಡಿಯವನನ್ನು ಕೇಳಿ ಅಲ್ಲ.

ಬಿದಿರು ಬಾಳುವುದಿಲ್ಲವೆಂಬುದೂ ಅರ್ಧಸತ್ಯ. ಎಳೆಯ ಬಿದಿರನ್ನು ಕಡಿದು ತಂದರೆ ಹುಳು ತಿನ್ನುತ್ತದೆ. ಬಲಿತದ್ದನ್ನು ಕಡಿದು, ನೀರಿನಲ್ಲಿ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ, ಸಿಪ್ಪೆಯ ಕಡೆಯ ಗಟ್ಟಿ ನಾರು ಉಳಿಯುವಂತೆ ಸೀಳಿದರೆ ಬಹುಕಾಲ ಬರುತ್ತದೆ. ಮುರಿದರೂ ಮತ್ತೊಂದನ್ನು ಸೀಳಿಕೊಳ್ಳಲು ಒಂದು ಕುಡುಗೋಲು ಸಾಕು. ಇದೇ ಅದರ ಶಾಶ್ವತತೆ: ವಸ್ತು ಉಳಿಯದಿದ್ದರೂ ಅದನ್ನು ಮಾಡುವ ಕೈ ಉಳಿಯುತ್ತದೆ. ನಮ್ಮ ನುಡಿಯೂ ಗಡಿಯಾಚೆ ಉಳಿದುಬಂದದ್ದು ಹೀಗೆಯೇ.

ಆದುದರಿಂದ ಸಂಘದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಸಮ್ಮೇಳನದಲ್ಲಿ ವೇದಿಕೆಯ ಅಲಂಕಾರಕ್ಕೆ ಗೊಂಬೆ ಬೇಡ. ಪರದೆ ಕಟ್ಟಿಸಿ, ರಾತ್ರಿಯ ಒಂದು ಹೊತ್ತನ್ನು ಭಾಷಣಗಳಿಂದ ಬಿಡಿಸಿ, ಮೇಳಕ್ಕೆ ತಕ್ಕ ಸಂಭಾವನೆ ಕೊಡಿ. ಆಡುವ ಗೊಂಬೆಗೆ ಕಡ್ಡಿಯನ್ನು ಅವರೇ ತರುತ್ತಾರೆ.