ಗಿರಣಿಯಲ್ಲಿ ಜೀವರಕ್ಷಣೆ: ಕಾರ್ಮಿಕರ ಕೆಲಸವೇನು?

2024ರ ಡಿಸೆಂಬರಿನಲ್ಲಿ ಭದ್ರಾವತಿಯ ಅಕ್ಕಿ ಗಿರಣಿಯೊಂದರ ಬಾಯ್ಲರ್ ಸಿಡಿಯಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕಾರ್ಮಿಕನೇ ಸತ್ತ. ಜೊತೆಯವರು ಹಲವರು ಗಾಯಗೊಂಡು ಆಸ್ಪತ್ರೆ ಸೇರಿದರು. ಅದಕ್ಕೂ ಮೊದಲು, 2021ರ ಜನವರಿ 21ರ ರಾತ್ರಿ, ಶಿವಮೊಗ್ಗದ ಪಕ್ಕದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಕೂಲಿಗಾರರು ಛಿದ್ರವಾದರು. ಭೂಕಂಪವೆಂದು ಹೆದರಿ ಜನ ಬೀದಿಗೆ ಓಡಿಬಂದರು. ಇಂಥ ಸುದ್ದಿ ಬಂದಾಗ ನಾಲ್ಕು ದಿನ ಮರುಗುತ್ತೇವೆ. ಪರಿಹಾರದ ಮೊತ್ತ ಎಷ್ಟೆಂದು ಕೇಳುತ್ತೇವೆ. ಐದನೆಯ ದಿನ ಗಿರಣಿ ಮತ್ತೆ ಓಡುತ್ತದೆ, ನಾವೂ ಮರೆಯುತ್ತೇವೆ.

ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ ಕಡೆಯ ಗಿರಣಿಯಾಳುಗಳು ಇದನ್ನು ದೂರದ ಸುದ್ದಿಯೆಂದು ತಿಳಿಯಬಾರದು. ಭತ್ತ ಬೇಯಿಸುವ ಗಿರಣಿ ಎಲ್ಲಿದೆಯೋ ಅಲ್ಲಿ ಹೊಟ್ಟಿನ ಉರಿಯೂ ಆವಿಯ ಒತ್ತಡವೂ ಇದ್ದೇ ಇವೆ. ಒಂದು ಕೊಡ ನೀರು ಆವಿಯಾಗಿ ಹರಡಿದರೆ ಸಾವಿರದ ಆರು ನೂರು ಕೊಡಗಳಿಗೂ ಮಿಕ್ಕಿದ ಜಾಗ ಕೇಳುತ್ತದೆ. ಆ ಬಲವನ್ನು ಕಬ್ಬಿಣದ ಹೊಟ್ಟೆಯಲ್ಲಿ ಹಿಡಿದಿಟ್ಟು ನಾವು ಅದರ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತೇವೆ.

ಯಂತ್ರವನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರದು. ಇದರಲ್ಲಿ ಎರಡು ಮಾತಿಲ್ಲ. ಲಾಭ ಯಾರದೋ ಹೊಣೆಯೂ ಅವರದೇ. ಆದರೆ ಮಾಲೀಕರು ಗಲ್ಲಾಪೆಟ್ಟಿಗೆಯ ಬಳಿ ಕೂತಿರುತ್ತಾರೆ. ಯಂತ್ರದ ಬಳಿ ನಿಂತವರು ನಾವು. ನೀರಿನ ಮಟ್ಟ ತೋರುವ ಗಾಜು ಮಸಿ ಹಿಡಿದಿದೆಯೇ, ಸೇಫ್ಟಿ ವಾಲ್ವಿಗೆ ಯಾರಾದರೂ ಭಾರ ಕಟ್ಟಿದ್ದಾರೆಯೇ, ಬೇರಿಂಗ್ ನಿನ್ನೆಗಿಂತ ಬೇರೆ ಸದ್ದು ಮಾಡುತ್ತಿದೆಯೇ ಎಂಬುದು ಮೊದಲು ಗೊತ್ತಾಗುವುದು ನಮ್ಮ ಕಣ್ಣಿಗೆ, ನಮ್ಮ ಕಿವಿಗೆ. ಗೊತ್ತಿದ್ದೂ ಸುಮ್ಮನಿರುವುದೇ ನಮ್ಮ ದೊಡ್ಡ ತಪ್ಪು.

ಏಕೆ ಸುಮ್ಮನಿರುತ್ತೇವೆ? ಹೇಳಿದರೆ ನಾಳೆಯಿಂದ ಬರಬೇಡ ಎಂದಾರೆಂಬ ಭಯ. ಈ ಭಯ ಸುಳ್ಳಲ್ಲ. ದಿನಗೂಲಿಯವನಿಗೆ ಒಂದು ದಿನದ ಕೆಲಸ ಹೋದರೆ ಒಂದು ದಿನದ ಗಂಜಿ ಹೋಯಿತು. ಆದರೆ ಬೆಲ್ಟಿಗೆ ಸಿಕ್ಕಿದ ಕೈ ಒಂದು ದಿನಕ್ಕೆ ಹೋಗುವುದಲ್ಲ. ಓಡುತ್ತಿರುವ ಬೆಲ್ಟನ್ನು ಕೈಯಿಂದ ಏರಿಸುವುದು, ಧೂಳು ತೆಗೆಯಲು ಬಿಚ್ಚಿದ ಜಾಲರಿಯನ್ನು ಮತ್ತೆ ಹಾಕದಿರುವುದು, ಸೆರಗು ಬಿಗಿಯದೆ ಯಂತ್ರದ ಮಗ್ಗುಲಲ್ಲಿ ಕಸ ಗುಡಿಸುವುದು, ಇವನ್ನೆಲ್ಲ ಕೆಲವರು ಧೈರ್ಯವೆಂದು ಹೇಳಿಕೊಳ್ಳುತ್ತಾರೆ. ಅವಘಡವಾದ ಮೇಲೆ ಅದೇ ಧೈರ್ಯಕ್ಕೆ 'ಕಾರ್ಮಿಕನ ನಿರ್ಲಕ್ಷ್ಯ' ಎಂಬ ಹೆಸರು ಬೀಳುತ್ತದೆ.

ಕಾನೂನು ಏನೆನ್ನುತ್ತದೆ? 1948ರ ಕಾರ್ಖಾನೆ ಕಾಯಿದೆಯ ಜಾಗದಲ್ಲಿ, 2020ರಲ್ಲಿ ಮಾಡಿದ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಿಂದೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು. ಈಗ ಇಪ್ಪತ್ತು ಜನ ಬೇಕು. ನಮ್ಮ ಸಣ್ಣ ಗಿರಣಿಗಳಿಗೆ ಇದು ನಷ್ಟವೇ ಸರಿ. ಇದನ್ನು ನಾವು ವಿರೋಧಿಸುತ್ತೇವೆ. ಆದರೂ ಹತ್ತು ಜನ ದುಡಿಯುವ ಸಂಸ್ಥೆಗೆ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಅದರ 13ನೆಯ ಕಲಮು ತನ್ನ ಮತ್ತು ಜೊತೆಯವರ ಕ್ಷೇಮ ನೋಡಿಕೊಳ್ಳುವುದು, ಅಪಾಯ ಕಂಡರೆ ತಿಳಿಸುವುದು ಕಾರ್ಮಿಕನ ಕರ್ತವ್ಯವೆನ್ನುತ್ತದೆ. 14ನೆಯ ಕಲಮು ಮಾಹಿತಿ ಕೇಳುವ ಹಕ್ಕು ಕೊಡುತ್ತದೆ. ಪ್ರಾಣಾಪಾಯ ಕಂಡುಬಂದರೆ ಮಾಲೀಕರಿಗೂ ಇನ್‌ಸ್ಪೆಕ್ಟರರಿಗೂ ತಿಳಿಸುವ ಹಕ್ಕು ಕೊಡುತ್ತದೆ. ಬಾಯ್ಲರಿಗೆ ಬೇರೆಯೇ ಕಾನೂನುಂಟು. ತಪಾಸಣೆಯಾಗಿ ಸರ್ಟಿಫಿಕೇಟ್ ಸಿಗದೆ ಅದನ್ನು ನಡೆಸುವಂತಿಲ್ಲ. ನಿಮ್ಮ ಗಿರಣಿಯ ಸರ್ಟಿಫಿಕೇಟಿನ ಅವಧಿ ಎಂದು ಮುಗಿಯುತ್ತದೆಂದು ಕೇಳಿದ್ದೀರಾ?

ಒಬ್ಬನೇ ಕೇಳಬೇಡಿ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತ ಅಳೆಯುವ ಕೊಳಗ ಸರಿಯಿರಲಿ ಎಂದು ಕೇಳಿದರು. ಒಬ್ಬ ಕೇಳಿದ್ದರೆ ಅವನನ್ನು ಹೊಲದಿಂದ ಎಬ್ಬಿಸಿ ಕಳಿಸುತ್ತಿದ್ದರು. ಊರೇ ಕೇಳಿತು. ಜೈಲು ತುಂಬಿತು, ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ಮಾತು 1974ರ ಭೂಸುಧಾರಣೆಯವರೆಗೆ ನಡೆಯಿತು. ಕೊಳಗಕ್ಕೆ ಒಗ್ಗಟ್ಟಾದ ಜಿಲ್ಲೆ ಪ್ರಾಣಕ್ಕೆ ಒಗ್ಗಟ್ಟಾಗಲಾರದೇ?

ಮಾಡಬೇಕಾದದ್ದು ಬಹಳವಿಲ್ಲ. ದಿನಕ್ಕೊಬ್ಬರಂತೆ ಸರದಿ ಹಾಕಿಕೊಂಡು, ಕೆಲಸ ಶುರುವಾಗುವ ಮುನ್ನ ಗಿರಣಿಯನ್ನು ಒಂದು ಸುತ್ತು ನೋಡಿ ಬನ್ನಿ. ಕಂಡ ದೋಷವನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದು ಎಲ್ಲರೂ ರುಜು ಮಾಡಿ, ಮಾಲೀಕರಿಗೆ ತೋರಿಸಿ. ಬಾಯ್ಲರಿನ ಗಾಜಿನಲ್ಲಿ ನೀರು ಕಾಣದಿದ್ದರೆ ಗಾಬರಿಯಿಂದ ತಣ್ಣೀರು ಬಿಡಬೇಡಿ. ಉರಿ ನಿಲ್ಲಿಸಿ, ಸುತ್ತಲಿನವರನ್ನು ಹೊರಗೆ ಕಳಿಸಿ. ಯಂತ್ರ ನಿಲ್ಲಿಸಿ, ಸ್ವಿಚ್ಚಿನ ಬಳಿ ಒಬ್ಬರನ್ನು ಕಾವಲಿಟ್ಟ ಮೇಲೆಯೇ ಅದರೊಳಗೆ ಕೈಹಾಕಿ. ಹೊಸದಾಗಿ ಬಂದ ಹುಡುಗನಿಗೆ ಮೊದಲು ಸ್ವಿಚ್ಚು ಎಲ್ಲಿದೆಯೆಂದು ತೋರಿಸಿ, ಆಮೇಲೆ ಕೆಲಸ ಹೇಳಿ.

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಸಂಜೆಯೊಳಗೆ ಲೋಡು ಬರಲೇಬೇಕೆಂದು ನೀವು ಅವಸರ ಮಾಡಿದಾಗ, ಆ ಅವಸರ ಗಿರಣಿಗೆ ಹೋಗಿ ಯಂತ್ರದ ಜಾಲರಿ ಬಿಚ್ಚುತ್ತದೆ. ನಿಮ್ಮ ಮಳಿಗೆಯಲ್ಲೂ ಚೀಲದ ಅಟ್ಟಿ ಓರೆಯಾಗಿ ನಿಂತಿದ್ದರೆ, ಹಮಾಲಿ ಹೇಳಿದಾಗ ಕೇಳಿ ಸರಿಮಾಡಿಸಿ.

ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನವೆಂದು ದೊಡ್ಡ ಕಾರ್ಖಾನೆಗಳಲ್ಲಿ ಬಾವುಟ ಹಾರುತ್ತದೆ, ಭಾಷಣ ನಡೆಯುತ್ತದೆ. ನಮಗೆ ಬಾವುಟ ಬೇಡ. ಎರಡು ರೂಪಾಯಿಯ ಪೆನ್ನು, ಒಂದು ಪುಸ್ತಕ, ಹತ್ತು ರುಜು ಸಾಕು. ನಾಳೆ ಬೆಳಿಗ್ಗೆಯೇ ಶುರುಮಾಡಿ.